ವಿಮಾನ ಹತ್ತುವ ಬೇಸ್ ಗಿಟಾರ್

ಅಂಗಡಿಗೆ ಹೋದವರೆಲ್ಲ ಬೇಸ್ ಗಿಟಾರನ್ನು ಸ್ಟೂಲಿನ ಮೇಲೆ ಕೂತು ನುಡಿಸಿ ನೋಡುತ್ತಾರೆ. ಊರಲ್ಲೇ ನುಡಿಸುವವರಿಗೆ ಅಷ್ಟು ಸಾಕು. ವಿದೇಶಕ್ಕೆ ಕೊಂಡುಹೋಗುವುದಾದರೆ ಮೊದಲು ಅದನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿ ಇಳಿಯಬೇಕು. ಆಮೇಲೆ ಅದನ್ನು ಮಗುಚಿ ಬೆನ್ನು ನೋಡಬೇಕು. ಬಣ್ಣ ಕೊನೆಗೆ ನೋಡಿದರಾಯಿತು, ನೋಡದಿದ್ದರೂ ಆಯಿತು.

ಇದನ್ನು ನಾನು ಪ್ರೀಮಾಳಿಗೆ ಹೇಳಿದೆ. ಪ್ರೀಮಾ ನಮ್ಮ ಇಗರ್ಜಿಯ ಹುಡುಗಿ, ಹೊಸದಾಗಿ ಬ್ಯಾಂಡ್ ಸೇರಿದ್ದಾಳೆ, ಬೇಸ್ ನುಡಿಸುತ್ತಾಳೆ, ನನ್ನನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ. ಅವರ ಬ್ಯಾಂಡಿಗೆ ಮಸ್ಕತ್ತಿನಿಂದ ಕರೆ ಬಂದಿದೆ. ಫೋನಿನಲ್ಲಿ ಒಂದರ ಹಿಂದೆ ಒಂದು ಚಿತ್ರ ತೋರಿಸಿದಳು.

"ಮೌಶಿ, ಈ ನೀಲಿ ಹೇಗುಂಟು?"

"ಚಂದ ಉಂಟು. ನೆಕ್ ಬಿಚ್ಚಲಿಕ್ಕೆ ಬರ್ತದಾ?"

"ನೆಕ್ ಎಂತಕ್ಕೆ ಬಿಚ್ಚುದು?"

ಬಾಯಲ್ಲಿ ಹೇಳಿ ಮುಗಿಯುವ ಕೆಲಸ ಅಲ್ಲವೆಂದು ಅಲ್ಲಿಗೆ ಗೊತ್ತಾಯಿತು. ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ. ಇಂಗ್ಲಿಷಿನಲ್ಲಿ ನನಗೆ ಬರುವುದು ಏಳು ಅಕ್ಷರ, ಹಾಡಿನ ಸಾಲಿನ ಮೇಲೆ ಸ್ವರಕ್ಕೆ ಬರೆಯುವ ಎ ಯಿಂದ ಜಿ ವರೆಗೆ. ಆ ಏಳು ಅಕ್ಷರದಲ್ಲಿ ಮನೆ ನಡೆಸಿದ್ದೇನೆ, ಒಂದು ಬಾವಿ ತೋಡಿಸಿದ್ದೇನೆ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದೇನೆ. ಎಂಟನೆಯದು ಕಲಿಯುವ ಅಗತ್ಯ ಬೀಳಲಿಲ್ಲ. ನಮ್ಮ ಬ್ಯಾಂಡಿನವರ ಮಾತೆಲ್ಲ ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಬೈಗುಳ ಸ್ವಲ್ಪ ಕಮ್ಮಿ ಮಾಡಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಇಷ್ಟು ತಿಳಿದಿರಲಿ. ಬೇಸ್ ಗಿಟಾರಿಗೆ ನಾಲ್ಕು ದಪ್ಪ ತಂತಿ. ಹೊಟ್ಟೆಗೆ ಒರಗುವ ಹಲಗೆ ಅದರ ಮೈ. ಎಡಗೈ ಓಡಾಡುವ ಉದ್ದ ಮರ ನೆಕ್. ನೆಕ್ಕಿನ ತುದಿಗೆ ತಲೆ, ಅದರಲ್ಲಿ ತಂತಿ ಬಿಗಿಯುವ ಕೀಗಳು. ಕೆಲವು ಗಿಟಾರಿನಲ್ಲಿ ನೆಕ್ಕನ್ನು ಮೈಗೆ ಅಂಟಿಸಿಬಿಟ್ಟಿರುತ್ತಾರೆ. ಕೆಲವದರಲ್ಲಿ ಬೆನ್ನಿನ ಕಡೆಯಿಂದ ನಾಲ್ಕು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಬೆನ್ನು ನೋಡು ಎಂದದ್ದು ಅದಕ್ಕೆ.

ನಾನು ಮೊದಲು ಗೇರುಬೀಜದ ಕಾರ್ಖಾನೆಯಲ್ಲಿದ್ದೆ. ಬೀಜ ಒಡೆದು ಒಡೆದು, ಆ ಎಣ್ಣೆಗೆ ಬೆರಳು ಸುಟ್ಟು ಸುಟ್ಟು, ನನ್ನ ಬೆರಳಿನ ಚರ್ಮ ಚಪ್ಪಲಿಯ ಅಡಿಯ ಹಾಗೆ ಆಗಿತ್ತು. ಭಾನುವಾರ ಇಗರ್ಜಿಯ ಗಾಯನ ಮಂಡಳಿಯಲ್ಲಿ ಹೆಂಗಸರ ಸಾಲಿನಲ್ಲಿ ನಿಂತು ಕೆಳಗಿನ ಸ್ವರ ಹಾಡುತ್ತಿದ್ದೆ. ಮಂಡಳಿಯ ಮುಖ್ಯಸ್ಥ ಪಾವ್ಲು ಬಾಬ್; ಬಾಬ್ ಎಂದರೆ ನಮ್ಮಲ್ಲಿ ಹಿರಿಯರನ್ನು ಗೌರವದಿಂದ ಕರೆಯುವುದು. ಅವರದೇ ಮದುವೆ ಬ್ಯಾಂಡ್ ಇತ್ತು, ಅವರು ಟ್ರಂಪೆಟ್ ಊದುತ್ತಿದ್ದರು. ನನ್ನ ಗಂಡ ಆ ಬ್ಯಾಂಡಿನ ಟೆಂಪೋ ಓಡಿಸುತ್ತಿದ್ದರು. ಒಂದು ಮದುವೆ ಸೀಸನ್ನಿನ ನಡುವೆ ಬೇಸ್ ನುಡಿಸುವವನಿಗೆ ಕುವೈತಿನ ವೀಸಾ ಬಂತು, ಅವನು ಹೊರಟೇ ಹೋದ. ಪಾವ್ಲು ಬಾಬ್ ನಮ್ಮ ಅಂಗಳಕ್ಕೆ ಬಂದು ಗಿಟಾರನ್ನು ನನ್ನ ಕೈಗೆ ಕೊಟ್ಟರು.

"ಸೆವ್ರಿನ್, ಬಾಯಲ್ಲಿ ಹಾಡುದನ್ನೇ ಕೈಯಲ್ಲಿ ಹಾಡು. ಅಷ್ಟೇ ಇರುದು."

ಅಷ್ಟೇ ಇರಲಿಲ್ಲ. ಆದರೆ ಬೇರೆಯವರಿಗೆ ತಿಂಗಳುಗಟ್ಟಲೆ ಬೆರಳು ಒಡೆದು ಬೊಕ್ಕೆ ಏಳುತ್ತದಲ್ಲ, ನನಗೆ ಒಂದೂ ಏಳಲಿಲ್ಲ. ತಂತಿಗೇ ನೋವಾಗಿರಬೇಕು.

ಮೊದಲ ಮದುವೆಯಲ್ಲಿ ನನ್ನನ್ನು ನೋಡಲಿಕ್ಕೇ ಜನ ಬಂದಿದ್ದರು. ಹೆಂಗಸು, ಅದೂ ಸೀರೆ ಉಟ್ಟುಕೊಂಡು ಬೇಸ್. ಸೂಟು ಹಾಕಿದ ಒಬ್ಬ ಸ್ಟೇಜಿನ ಹತ್ತಿರ ಬಂದು ಕೇಳಿದ, "ಬಾಯಮ್ಮ, ಗಂಡ ಎಲ್ಲಿ? ಗಿಟಾರ್ ಹಿಡ್ಕೊಳ್ಳಿಕ್ಕೆ ಕೊಟ್ಟು ಹೋದರಾ?"

"ಅವರು ಟೆಂಪೋದಲ್ಲಿ ಮಲಗಿದ್ದಾರೆ. ನೀವು ಹೆಂಡತಿಯ ಕೈ ಹಿಡ್ಕೊಳ್ಳಿ, ಸಾಕು" ಎಂದೆ.

ಅದೇ ಮದುವೆಯಲ್ಲಿ, ಮದುಮಕ್ಕಳು ಒಳಗೆ ನಡೆದುಬರುವಾಗ ನನ್ನ ಸೆರಗು ಕೀಗೆ ಸಿಕ್ಕಿತು. ನಾನು ಎಳೆದೆ. ಕೀ ತಿರುಗಿತು, ತಂತಿ ಸಡಿಲವಾಯಿತು, ಸ್ವರ ಬಾವಿಗೆ ಬಿತ್ತು. ಪಾವ್ಲು ಬಾಬ್ ಟ್ರಂಪೆಟ್ ಬಾಯಿಯಿಂದ ತೆಗೆಯದೆ ಒಂದು ಹುಬ್ಬು ಎತ್ತಿದರು. ಅವರು ಬೈಯುತ್ತಿದ್ದುದೇ ಹಾಗೆ. ಒಂದು ಹುಬ್ಬಾದರೆ ತಪ್ಪು. ಎರಡೂ ಏರಿದರೆ ಮರುದಿನ ಬೈಯಲು ಮನೆಗೇ ಬರುತ್ತಾರೆ ಎಂದು ಅರ್ಥ. ಅಂದಿನಿಂದ ನಾನು ಸೆರಗಿಗೆ ಎರಡು ಪಿನ್ನು ಹಾಕಿದೆ. ಸೀರೆ ಬಿಡಲಿಲ್ಲ. ಬ್ಯಾಂಡಿಗೆಂದು ಪ್ಯಾಂಟು ಹಾಕಬೇಕಾಗಿಲ್ಲ, ನುಡಿಸಲು ಬಂದರೆ ಸಾಕು.

ಆ ಕಾಲದಲ್ಲಿ ಸ್ವರ ಕೂಡಿಸಲು ಈಗಿನ ಹಾಗೆ ಫೋನ್ ಇರಲಿಲ್ಲ. ಇಗರ್ಜಿಯ ಹಾರ್ಮೋನಿಯಂ ಬಾರಿಸಿ ಅದಕ್ಕೆ ಕೂಡಿಸುವುದು, ಮದುವೆ ಹಾಲ್ ಮುಟ್ಟುವವರೆಗೆ ಅದನ್ನು ತಲೆಯಲ್ಲಿ ಇಟ್ಟುಕೊಳ್ಳುವುದು. ಸ್ಪೀಕರ್ ಪೆಟ್ಟಿಗೆಯನ್ನು ನಾವೇ ಹೊರುತ್ತಿದ್ದೆವು. ಈಗ ಗಿಟಾರಿನ ವಯರನ್ನು ನೇರ ಸೌಂಡಿನವನಿಗೆ ಕೊಟ್ಟರೆ ಮುಗಿಯಿತು. ಇನ್ನು ಕೆಲವು ಬ್ಯಾಂಡಿನಲ್ಲಿ ಬೇಸನ್ನು ಪೆನ್‌ಡ್ರೈವಿನಲ್ಲೇ ತರುತ್ತಾರೆ, ಮನುಷ್ಯ ಬೇಡವೇ ಬೇಡ. ಅದರ ವಿಷಯವನ್ನೇ ಈಗ ಹೇಳಲಿಕ್ಕಿರುವುದು.

ನಮ್ಮ ಬ್ಯಾಂಡಿಗೆ ಮೊದಲ ಬಾರಿ ಬಹರೈನಿನಿಂದ ಕರೆ ಬಂದಾಗ ನಾವು ಐದು ಜನ: ಪಾವ್ಲು ಬಾಬ್, ಕೀಬೋರ್ಡಿನ ಮೆಲ್ವಿನ್, ಡ್ರಮ್ಮಿನವನು, ಹಾಡುವವಳು, ನಾನು. ನನ್ನ ಹತ್ತಿರ ಇದ್ದದ್ದು ಹಳೆಯ ಬೇಸ್. ನೆಕ್ ಅಂಟಿಸಿದ್ದು, ತಲೆ ಹಿಂದಕ್ಕೆ ವಾಲಿದ್ದು. ಸ್ವರ ಬಹಳ ಚಂದ, ಮಳೆಗಾಲದ ಗುಡುಗು ಹಾಗೆ. ಒಂದು ಹಾರ್ಡ್ ಕೇಸ್ ಎರವಲು ತಂದೆವು.

ನಮ್ಮ ಕಡೆ ಯಾರಾದರೂ ಗಲ್ಫಿಗೆ ಹೊರಟರೆ ಸುದ್ದಿ ಇಗರ್ಜಿಯ ಗಂಟೆಗಿಂತ ದೂರ ಹೋಗುತ್ತದೆ. ಮೂರು ದಿನ ಮೊದಲಿಂದ ಜನ ಬರಲು ಶುರು. ಮಗನಿಗೆ ಹಲಸಿನ ಹಪ್ಪಳ, ತಂಗಿಗೆ ಒಣಸಿಗಡಿ, ಬಸುರಿ ಸೊಸೆಗೆ ಉಪ್ಪಿನಕಾಯಿ. ಬೇಡ ಎನ್ನುವಂತಿಲ್ಲ. ನಾಳೆ ನಮ್ಮ ಪಾರ್ಸೆಲ್ಲನ್ನೂ ಅವರು ಒಯ್ಯಬೇಕಲ್ಲ. ಪಾವ್ಲು ಬಾಬ್ ಅವರ ತಂಗಿ ಬಹರೈನಿನಲ್ಲಿದ್ದರು. ಅವರಿಗೆ ಬಾಫತ್ ಪುಡಿ ಹೋಗಬೇಕಿತ್ತು. ಹಂದಿಮಾಂಸದ ಪದಾರ್ಥಕ್ಕೆ ನಾವು ಹಾಕುವ ಕೆಂಪು ಮಸಾಲೆ ಅದು. ಜತೆಗೆ ಒಂದು ದೊಡ್ಡ ಬಾಟ್ಲಿ ಮಾವಿನ ಉಪ್ಪಿನಕಾಯಿ. ಅವರ ಪೆಟ್ಟಿಗೆಯಲ್ಲಿ ಜಾಗ ಮುಗಿದಿತ್ತು. ನನ್ನ ಗಿಟಾರಿನ ಕೇಸಿನಲ್ಲಿ ನೆಕ್ಕಿನ ಎರಡೂ ಬದಿ ಖಾಲಿ ಕಂಡಿತು.

"ಒಳ್ಳೆದೇ ಆಯಿತು, ಅಲುಗಾಡುದಿಲ್ಲ" ಎಂದು ಬದಿಗೆಲ್ಲ ಪುಡಿಯ ಪ್ಯಾಕೆಟ್ ತುಂಬಿದರು. ಬಾಟ್ಲಿಯನ್ನು ಟವೆಲಿನಲ್ಲಿ ಸುತ್ತಿ ಗಿಟಾರಿನ ತಲೆಯ ಅಡಿಯಲ್ಲಿ ದಿಂಬಿನ ಹಾಗೆ ಇಟ್ಟರು.

"ಬಾಬ್, ತಲೆಯ ಅಡಿ ಬೇಡ" ಎಂದೆ.

"ನೀನು ನುಡಿಸು. ಕಟ್ಟುದು ನನಗೆ ಗೊತ್ತುಂಟು."

ಬಹರೈನಿನಲ್ಲಿ ಲಗೇಜಿನ ಬೆಲ್ಟಿನ ಮೇಲೆ ಕೇಸ್ ಬಂತು, ಅಂಚಿನಿಂದ ಕೆಂಪು ಪುಡಿ ಸೋರುತ್ತಿತ್ತು. ಕಸ್ಟಮ್ಸಿನವನು ಮುಚ್ಚಳ ತೆರೆದ, ಮೂಗು ಹತ್ತಿರ ಕೊಂಡುಹೋದ, ಸೀನಿದ. ಮತ್ತೆ ಸೀನಿದ. ಕೈ ಬೀಸಿ ಹೋಗಿ ಹೋಗಿ ಎಂದ. ನಾನು ಒಳಗೆ ನೋಡಿದೆ. ಎಲ್ಲೋ ಕೇಸನ್ನು ಮೇಲಿಂದ ಎಸೆದಿದ್ದಾರೆ. ಬಾಟ್ಲಿ ಅಡಿಯಿಂದ ಒತ್ತಿದೆ, ವಾಲಿದ ತಲೆ ಬುಡದಲ್ಲಿ ಮುರಿದು ತಂತಿಯ ಮೇಲೆ ನೇತಾಡುತ್ತಿದೆ. ಉಪ್ಪಿನಕಾಯಿ ಬಾಟ್ಲಿಗೆ ಒಂದು ಗೆರೆ ಬಿದ್ದಿರಲಿಲ್ಲ. ಪಾವ್ಲು ಬಾಬ್ ಅವರ ತಂಗಿ ಅದನ್ನು ಎದೆಗೆ ಅಪ್ಪಿಕೊಂಡು ಹೋದರು.

ಆ ಸಂಜೆ ಸ್ಟೇಜಿನಲ್ಲಿ ನನ್ನ ಕೈಗೆ ಒಂದು ಗಿಲಕಿ ಕೊಟ್ಟರು. ಮೆಲ್ವಿನ್ ಕೀಬೋರ್ಡಿನಲ್ಲಿ ಎಡಗೈಯಿಂದ ಬೇಸ್ ಬಾರಿಸಿದ. ಜನ ಕುಣಿದರು, ಊಟ ಮಾಡಿದರು, ಮನೆಗೆ ಹೋದರು. ಬೇಸ್ ಎಲ್ಲಿ ಎಂದು ಯಾರೂ ಕೇಳಲಿಲ್ಲ. ನಾನು ಅಷ್ಟು ಹೊತ್ತು ಗಿಲಕಿ ಅಲ್ಲಾಡಿಸಿದೆ, ಅಳುವ ಮಗುವಿನ ಮುಂದೆ ಅಲ್ಲಾಡಿಸುವ ಹಾಗೆ. ಗಿಟಾರ್ ಮುರಿದದ್ದಕ್ಕಿಂತ ನನಗೆ ಸಿಟ್ಟು ಬಂದದ್ದು ಅದಕ್ಕೆ.

ಮುಂದಿನ ಕರೆ ದುಬೈಯಿಂದ. ಪಾವ್ಲು ಬಾಬ್ ಅಭ್ಯಾಸದ ಕೋಣೆಯಲ್ಲಿ ಹೇಳಿದರು, "ಈ ಸಲ ನಾಲ್ಕು ಜನ."

"ಯಾರು ಕಮ್ಮಿ?" ಎಂದೆ. ಗೊತ್ತಿತ್ತು, ಆದರೂ ಅವರ ಬಾಯಿಂದ ಬರಲಿ ಎಂದು.

"ಮೆಲ್ವಿನಿನ ಎಡಗೈ ಉಂಟಲ್ಲ ಸೆವ್ರಿನ್. ಅಲ್ಲಿಯವರಿಗೂ ಒಂದು ಟಿಕೆಟ್ ಉಳೀತದೆ."

"ಇವತ್ತು ದುಬೈಗೆ ಎಡಗೈ. ನಾಳೆ ಊರಿನ ಮದುವೆಗೂ ಎಡಗೈ. ಹೌದಲ್ಲ?"

ಅವರು ಅಲ್ಲ ಎನ್ನಲಿಲ್ಲ. ಸುಳ್ಳು ಹೇಳುವ ಜನ ಅಲ್ಲ ಅವರು. ಊದಿ ಊದಿ ಟ್ರಂಪೆಟ್ಟಿನಲ್ಲಿ ಕೂಡಿದ್ದ ನೀರು ಬಗ್ಗಿಸಿ ಹೇಳಿದರು, "ನಿನ್ನ ಬೇಸ್ ಮುರಿಯದೆ ಅಲ್ಲಿಗೆ ಮುಟ್ಟಬೇಕು. ಮೊದಲ ಹಾಡಿನಿಂದ ನುಡಿಸಬೇಕು. ಹಾಗಾದರೆ ಬಾ. ಈ ಸಲವೂ ಗಿಲಕಿ ಹಿಡಿದರೆ ಮತ್ತೆ ಬ್ಯಾಂಡಿನಲ್ಲಿ ಬೇಸ್ ಇಲ್ಲ. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ."

"ಆಯಿತು" ಎಂದೆ.

ಗೇರುಬೀಜಕ್ಕೆ ವಾಪಸು ಹೋಗುವ ಪ್ರಾಯ ದಾಟಿತ್ತು. ಅದೂ ಅಲ್ಲದೆ ನನಗೆ ಹೋಗಲು ಮನಸ್ಸಿರಲಿಲ್ಲ. ನನ್ನ ಕೆಲಸ ನನಗೆ ಬರುತ್ತಿತ್ತು.

ಮೊದಲು ಮಾಡಿದ್ದು ಪೆಟ್ಟಿಗೆ. ಹಳೆಯ ಬೇಸಿನ ತಲೆ ಅಂಟಿಸಿ ರಿಪೇರಿ ಆಗಿತ್ತು. ಅದಕ್ಕೆ ಯಾರೂ ಮುರಿಯಲಾರದ ಪೆಟ್ಟಿಗೆ ಮಾಡಿಸಿದರಾಯಿತು ಎಂದು ನಮ್ಮ ಕಾಸರಗೋಡಿನ ಕಡೆಯ ಅನಂತಪುರದ ಕೈಗಾರಿಕಾ ಎಸ್ಟೇಟಿಗೆ ಹೋದೆ. ಅಲ್ಲಿ ಸದಾನಂದ ಎಂಬವರದ್ದು ಬಾಗಿಲು ಕಿಟಕಿ ಮಾಡುವ ಶೆಡ್ಡು. ದಪ್ಪ ಪ್ಲೈವುಡ್, ಅಂಚಿಗೆ ಅಲ್ಯುಮಿನಿಯಂ, ಮೂಲೆಗೆ ಕಬ್ಬಿಣ. ಆನೆ ನಿಂತರೂ ಬಗ್ಗದ ಹಾಗೆ ಮಾಡಿ ಕೊಟ್ಟರು. ಮನೆಗೆ ತಂದಾಗ ನನ್ನ ಗಂಡ ಸುತ್ತು ಬಂದು ನೋಡಿದರು. "ಇದರಲ್ಲಿ ನನ್ನನ್ನೂ ಹಾಕಬಹುದು. ಬೇರೆ ಪೆಟ್ಟಿಗೆ ಮಾಡಿಸುವ ಕೆಲಸ ಇಲ್ಲ" ಎಂದರು.

ಹತ್ತಿರದ ನೆಕ್ರಾಜೆಯ ಅಡಿಕೆ ವ್ಯಾಪಾರಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆವು. ವಿಮಾನದಲ್ಲಿ ಒಬ್ಬರಿಗೆ ಎಷ್ಟು ಬಿಡುತ್ತಾರೋ ಅಷ್ಟಕ್ಕಿಂತ ಹೆಚ್ಚು ಬಂತು, ಒಳಗೆ ಗಿಟಾರ್ ಹಾಕುವ ಮೊದಲೇ. ಆ ಪೆಟ್ಟಿಗೆ ಈಗಲೂ ಉಂಟು, ಕುಚ್ಚಲಕ್ಕಿ ಹಾಕಿಡುತ್ತೇನೆ, ಇಲಿಯ ಭಯ ಇಲ್ಲ.

ಆಗ ಗೊತ್ತಾಯಿತು. ಪೆಟ್ಟಿಗೆ ಹುಡುಕಬಾರದು, ಗಿಟಾರ್ ಹುಡುಕಬೇಕು. ಕಣ್ಣಿಗೆ ಕಾಣದ ಹಾಗೆ ವಿಮಾನದ ಹೊಟ್ಟೆಯಲ್ಲಿ ಹಾಕುವ ಲಗೇಜಿಗೆ ಅದನ್ನು ಕೊಡಲೇಬಾರದು, ನನ್ನ ಜತೆ ಸೀಟಿನ ಮೇಲಿನ ಗೂಡಿನಲ್ಲಿ ಬರಬೇಕು. ಅಲ್ಲಿಗೆ ಬಿಡುವುದು ಏಳು ಕಿಲೋ, ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು ಉದ್ದ.

ಮಂಗಳೂರಿನ ಅಂಗಡಿಗೆ ಹೋದೆ. ಅಲ್ಲಿ ಐದು ತಂತಿಯದ್ದು ತೋರಿಸಿದರು. ಹೆಗಲಿಗೆ ಹಾಕಿದರೆ ಎಮ್ಮೆ ಕರು ನೇತಾಡಿದ ಹಾಗೆ. ಇನ್ನೊಂದಕ್ಕೆ ಒಳಗೆ ಬ್ಯಾಟರಿ ಉಂಟಂತೆ. ಸ್ವರ ಹೊಳೆಯುತ್ತದೆ, ಆದರೆ ಬ್ಯಾಟರಿ ಸ್ಟೇಜಿನ ಮೇಲೆ ಸತ್ತರೆ ಗಿಟಾರೂ ಸಾಯುತ್ತದೆ, ವಿಮಾನ ನಿಲ್ದಾಣದಲ್ಲಿ ಇದೇನು ಎಂದು ಕೇಳುವವರು ಬೇರೆ. ಬೇಡ. ನೆಕ್ ಗಿಡ್ಡ ಇರುವ ಜಾತಿ ಒಂದು ಉಂಟು, ಹಗುರ, ಚಿಕ್ಕ ಕೈಯವರಿಗೆ ಒಳ್ಳೆಯದು. ಪ್ರೀಮಾ, ನಿನ್ನ ಕೈಗೆ ಅದು ಆದೀತು, ನೋಡು. ಆದರೆ ಇಡೀ ಹೊತ್ತರೆ ಅದೂ ಗೂಡಿಗೆ ಹಿಡಿಯುವುದಿಲ್ಲ.

ಮತ್ತೊಂದು ತಲೆಯೇ ಇಲ್ಲದ್ದು. ಕೀಗಳೆಲ್ಲ ಹೊಟ್ಟೆಯ ಕಡೆಗೆ. ನೋಡಲು ಕಾಲು ಕಳಚಿದ ಸ್ಟೂಲು. ನುಡಿಸಿ ನೋಡಿದೆ, ನಗಬೇಡಿ, ಸ್ವರ ಚೆನ್ನಾಗಿಯೇ ಇತ್ತು, ಚೀಲದಲ್ಲಿ ಹಿಡಿಯುತ್ತಿತ್ತು ಕೂಡ. ಕೊಳ್ಳುವ ಮನಸ್ಸೇ ಆಗಿತ್ತು. ಆಗ ತಂತಿ ಕೇಳಿದೆ. ಅದಕ್ಕೆ ಎರಡು ತುದಿಗೂ ಗುಂಡು ಇರುವ ಬೇರೆಯೇ ತಂತಿ ಬೇಕಂತೆ.

"ಇಲ್ಲಿ ಸಿಗ್ತದಾ?"

"ತರಿಸಿ ಕೊಡ್ತೇವೆ ಮೇಡಂ."

"ದುಬೈಯಲ್ಲಿ ಹಾಡಿನ ನಡುವೆ ತುಂಡಾದರೆ ನೀವು ತರಿಸಿ ಕೊಡ್ತೀರಾ?"

ಅಂಗಡಿಯವರು ನಕ್ಕರು, ನಾನೂ ನಕ್ಕು ಬಸ್ಸು ಹತ್ತಿದೆ. ಈಗ ಸಾಮಾನ್ಯ ತಂತಿಯೇ ಹಿಡಿಸುವ ತಲೆಯಿಲ್ಲದ ಬೇಸ್ ಬರುತ್ತದೆ, ಕೇಳಿ ತೆಗೆದುಕೊಂಡರೆ ತಪ್ಪಿಲ್ಲ. ಆಗ ನನಗೆ ಸಿಗಲಿಲ್ಲ.

ನನಗೆ ಬೇಕಾದ ಗಿಟಾರ್ ಸಿಕ್ಕಿದ್ದು ಕಾಸರಗೋಡಿನ ಒಂದು ಮನೆಯ ಕಪಾಟಿನ ಮೇಲೆ. ಹಮೀದಿಚ್ಚ ಎಂದು ಪೇಟೆಯಲ್ಲಿ ಎಲ್ಲರೂ ಕರೆಯುವ ಬ್ಯಾರಿಯೊಬ್ಬರು, ಶಾರ್ಜಾದಲ್ಲಿ ಬಹಳ ವರ್ಷ ಅಂಗಡಿ ಇಟ್ಟವರು, ಊರಿಗೆ ವಾಪಸಾಗಿದ್ದರು. ಅವರಲ್ಲಿ ಒಂದು ಬೇಸ್ ಇದೆ ಎಂದು ನನ್ನ ಗಂಡ ಟೆಂಪೋ ಸ್ಟ್ಯಾಂಡಿನಲ್ಲಿ ಕೇಳಿಕೊಂಡು ಬಂದರು. ಹೋದೆವು. ಅವರ ಹೆಂಡತಿ ಸ್ಟೂಲು ಕೊಟ್ಟು, "ಕೊಂಡುಹೋಗಿ ಬಾಯಮ್ಮ, ಧೂಳು ಹೊಡೆದು ನನಗೆ ಸಾಕಾಗಿದೆ" ಎಂದರು.

ಹಮೀದಿಚ್ಚ ಕೇಳಿದರು, "ನುಡಿಸುವವರು ನೀವಾ? ನಾನು ನಿಮ್ಮ ಯಜಮಾನರು ಅಂದ್ಕೊಂಡೆ."

"ಅವರು ಹಾರ್ನ್ ಮಾತ್ರ ಬಾರಿಸುದು" ಎಂದೆ.

"ಮಗನಿಗೆ ಅಂತ ತೆಗೆದದ್ದು. ಅಲ್ಲಿ ಏಸಿ ರೂಮಿನಲ್ಲಿ ಗೋಡೆಗೆ ನಿಲ್ಲಿಸಿದ್ದ. ಇಲ್ಲಿ ಕಪಾಟಿನ ಮೇಲೆ ಮಲಗಿಸಿದ್ದಾನೆ. ನುಡಿಸಿದ್ದು ನಾನು ನೋಡಿಲ್ಲ."

ನಾನು ಗಿಟಾರ್ ಮಗುಚಿ ಬೆನ್ನು ನೋಡಿದೆ. ನಾಲ್ಕು ಸ್ಕ್ರೂ. ತಲೆ ವಾಲಿಲ್ಲ, ನೆಕ್ಕಿನ ಜತೆ ನೇರ. ಒಳಗೆ ಬ್ಯಾಟರಿ ಇಲ್ಲ. ಆಮೇಲೆ ಬಡಗಿ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೆಕ್ಕಿನ ಉದ್ದಕ್ಕೆ ನೋಡಿದೆ. ಇದು ಮುಖ್ಯ, ಗಮನ ಕೊಡಿ. ನಮ್ಮ ಊರಿನ ಗಾಳಿಯಲ್ಲಿ ನೀರಿನ ಪಸೆ, ಮರ ಉಬ್ಬುತ್ತದೆ. ಅಲ್ಲಿಯ ಏಸಿ ಅದನ್ನು ಒಣಗಿಸುತ್ತದೆ. ನೆಕ್ ಬಗ್ಗಿ ತಂತಿ ಜುಂಯ್ ಎನ್ನುತ್ತದೆ, ಮರ ಕುಗ್ಗಿ, ನೆಕ್ಕಿಗೆ ಅಡ್ಡಡ್ಡ ಬಡಿದ ಫ್ರೆಟ್ ಎಂಬ ಸರಿಗೆಯ ತುದಿ ಹೊರಗೆ ಬಂದು ಅಂಗೈ ಕೆರೆಯುತ್ತದೆ. ಹೊಸ ಗಿಟಾರ್ ಅಲ್ಲಿ ಹೋಗಿ ಏನು ಮಾಡುತ್ತದೆಂದು ಯಾವ ಅಂಗಡಿಯವನೂ ಹೇಳಲಾರ. ಈ ಗಿಟಾರ್ ಅಲ್ಲಿಯ ಏಸಿಯನ್ನೂ ಉಂಡಿತ್ತು, ಇಲ್ಲಿಯ ಮಳೆಗಾಲವನ್ನೂ ಉಂಡಿತ್ತು, ನೆಕ್ ಇನ್ನೂ ಹಗ್ಗ ಹಿಡಿದ ಹಾಗೆ ನೇರ ಇತ್ತು. ಕಂದು ಬಣ್ಣ, ನೋಡಲು ಹಳೆಯ ಮೇಜು. ಅಲ್ಲೇ ಹೆಗಲಿಗೆ ಹಾಕಿಕೊಂಡು ಹೊರಟೆ.

ಬಿಚ್ಚುವ ನೆಕ್ಕಿಗೂ ಒಂದು ರೋಗ ಉಂಟು. ಮರಕ್ಕೆ ಕೊರೆದ ಸ್ಕ್ರೂ ಮತ್ತೆ ಮತ್ತೆ ತೆಗೆದು ಹಾಕಿದರೆ ತೂತು ಸಡಿಲವಾಗುತ್ತದೆ. ಪುನಃ ಸದಾನಂದರ ಶೆಡ್ಡಿಗೆ ಹೋದೆ. ಅವರು ನನ್ನನ್ನು ಕಂಡ ಕೂಡಲೇ, "ಬಾಯಮ್ಮ, ಪೆಟ್ಟಿಗೆಯ ವಿಷಯ ಆದರೆ ನಾನಿಲ್ಲ" ಎಂದರು.

ಗಿಟಾರ್ ಕೈಗೆ ಕೊಟ್ಟ ಮೇಲೆ ಕೆಲಸಕ್ಕೆ ಕೂತರು. ನೆಕ್ಕಿನ ನಾಲ್ಕು ತೂತಿಗೂ ಒಳಗಡೆ ಹಿತ್ತಾಳೆಯ ನಟ್ಟು ಕೂರಿಸಿ, ಸ್ಕ್ರೂ ಬದಲು ಸ್ಟೀಲಿನ ಬೋಲ್ಟು ಹಾಕಿದರು. ಈಗ ಸಾವಿರ ಸಲ ಬಿಚ್ಚಿದರೂ ಮರಕ್ಕೆ ಗೊತ್ತಾಗುವುದಿಲ್ಲ. ಬೋಲ್ಟಿನ ತಲೆಯಲ್ಲಿ ಅಡ್ಡಕ್ಕೆ ಒಂದೇ ಗೀರು, ಅಗಲದ್ದು.

"ನಕ್ಷತ್ರದ ಹಾಗೆ ಗೀರು ಇರುದು ಇಲ್ಲವಾ? ಇದು ಓಬೀರಾಯನ ಕಾಲದ್ದು" ಎಂದೆ.

"ತುಕ್ಕು ಹಿಡಿಯದ್ದು ಬೇಕಾ, ಚಂದದ್ದು ಬೇಕಾ?"

ಮನೆಯಲ್ಲಿ ಊಟದ ಮೇಜಿನ ಮೇಲೆ ಬಿಚ್ಚುವುದು, ಜೋಡಿಸುವುದು, ಅದನ್ನೇ ಅಭ್ಯಾಸ ಮಾಡಿದೆ. ತಂತಿ ಸಡಿಲ ಬಿಟ್ಟು, ಕೀಯಿಂದ ಕಳಚದ ಹಾಗೆ ಬಟ್ಟೆಯಿಂದ ಕಟ್ಟಿ, ನೆಕ್ ಎತ್ತಿ ಮೈಯ ಪಕ್ಕದಲ್ಲಿ ಮಲಗಿಸಿದರೆ ನನ್ನ ಗಂಡನ ಉದ್ದ ಕೊಡೆಗಿಂತ ಗಿಡ್ಡ. ಎರಡು ಹತ್ತಿ ಸೀರೆಯಲ್ಲಿ ಸುತ್ತಿ ಹೆಗಲ ಚೀಲಕ್ಕೆ ಹಾಕಿದರೆ ಬಟ್ಟೆಯ ಗಂಟು. ಅಳತೆಗಿಂತ ಒಂದು ಗೇಣು ಹೆಚ್ಚು ಇತ್ತು. ಕೌಂಟರಿನಲ್ಲಿ ನಗುಮುಖದಿಂದ ನಿಂತರೆ ಒಂದು ಗೇಣು ಯಾರೂ ನೋಡುವುದಿಲ್ಲ. ನನಗೆ ನಗುವುದು ಕಷ್ಟ, ಆದರೂ ನಕ್ಕೆ.

ಹೊರಡುವ ಮುಂಚಿನ ದಿನ ಪಾವ್ಲು ಬಾಬ್ ಬಂದರು, ಕೈಯಲ್ಲಿ ಪೊಟ್ಟಣ. "ದುಬೈಯಲ್ಲಿ ನನ್ನ ಅಣ್ಣನ ಮಗಳು ಇದ್ದಾಳೆ. ಬರೀ ಅರ್ಧ ಕಿಲೋ ಬಾಫತ್."

"ಬಾಬ್, ಈ ಚೀಲದಲ್ಲಿ ಒಂದು ಲವಂಗಕ್ಕೂ ಜಾಗ ಇಲ್ಲ."

"ಸೀರೆ ಒಂದು ತೆಗೆ."

"ನಿಮ್ಮ ಟ್ರಂಪೆಟ್ಟಿನ ಬಾಯಿ ದೊಡ್ಡದುಂಟಲ್ಲ, ಅದಕ್ಕೆ ತುಂಬಿ."

ಎರಡೂ ಹುಬ್ಬು ಏರಿತು. ಪೊಟ್ಟಣ ವಾಪಸು ಹೋಯಿತು.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಚೀಲ ಯಂತ್ರದೊಳಗೆ ಹೋಗಿ ನಿಂತಿತು. ಸಮವಸ್ತ್ರದವನು ಸೀರೆ ಬಿಚ್ಚಿಸಿದ. ಗಿಟಾರಿನ ಎರಡು ತುಂಡು ನೋಡಿ, "ಮುರಿದದ್ದು ಎಲ್ಲಿಗೆ ಕೊಂಡುಹೋಗ್ತೀರಿ ಅಮ್ಮ?" ಎಂದು ಮಲಯಾಳದಲ್ಲಿ ಕೇಳಿದ. ಮುರಿದದ್ದಲ್ಲ ಎಂದೆ. ಅದನ್ನು ಬಿಟ್ಟ. ಬದಿಯ ಜಿಪ್ಪಿನಿಂದ ಸ್ಕ್ರೂಡ್ರೈವರ್ ತೆಗೆದ. ಇದು ಹೋಗುವುದಿಲ್ಲ ಎಂದು ಒಂದು ತೊಟ್ಟಿಗೆ ಹಾಕಿದ. ನನ್ನ ಸೂಟ್‌ಕೇಸ್ ಆಗಲೇ ಲಗೇಜಿಗೆ ಹೋಗಿಯಾಗಿತ್ತು. ಹತ್ಯಾರು ಏನಿದ್ದರೂ ಅದರಲ್ಲಿ ಹೋಗಬೇಕು, ಇದನ್ನು ನೆನಪಿಟ್ಟುಕೊಳ್ಳಿ. ಪಾವ್ಲು ಬಾಬ್ ಹಿಂದೆಯೇ ನಿಂತು ಎಲ್ಲ ನೋಡಿದರು. ವಿಮಾನದಲ್ಲಿ ಮೆಲ್ವಿನಿನ ಪಕ್ಕ ಕೂತು ಅವನ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದರು.

ದುಬೈಯ ಹಾಲ್‌ಗೆ ಮುಟ್ಟಿದಾಗ ಶುಕ್ರವಾರ ಮಧ್ಯಾಹ್ನ, ನಮಾಜಿನ ಹೊತ್ತು, ಸುತ್ತಲಿನ ಅಂಗಡಿಯೆಲ್ಲ ಮುಚ್ಚಿತ್ತು. ಕಾರ್ಯಕ್ರಮ ಮಾಡಿಸುವ ಲ್ಯಾನ್ಸಿ ಎಂಬವನು, ನಮ್ಮ ಕಡೆಯವನೇ, ಕುರ್ಚಿ ಹಾಕಿಸುತ್ತಿದ್ದ. ಸೌಂಡಿನವನಲ್ಲಿ ಸ್ಕ್ರೂಡ್ರೈವರ್ ಕೇಳಿದೆ. ಅವನದ್ದು ನಕ್ಷತ್ರದ ತಲೆಯದ್ದು, ಕೂರಲಿಲ್ಲ. ಪಾವ್ಲು ಬಾಬ್ ಸ್ಟೇಜಿನಿಂದ ಕೂಗಿದರು.

"ಸೆವ್ರಿನ್, ಬೇಸ್ ಇನ್ನೂ ಎರಡು ತುಂಡಾ?"

"ಎರಡೇ. ಮೂರಾಗಲಿಲ್ಲ" ಎಂದೆ.

ಬೋಲ್ಟಿನ ಅಗಲ ಗೀರಿಗೆ ಉಗುರು ಹಾಕಿ ನೋಡಿದೆ. ಚಮಚದ ತುದಿ ದಪ್ಪವಾಯಿತು. ಆಮೇಲೆ ಲ್ಯಾನ್ಸಿಯನ್ನು ಕರೆದೆ.

"ಒಂದು ನಾಣ್ಯ ಕೊಡು."

"ಎಂತಕ್ಕೆ ಮೌಶಿ? ಚಾ ಬೇಕಾದರೆ ತರಿಸ್ತೇನೆ."

"ಚಾ ಆಮೇಲೆ. ನಾಣ್ಯ ಕೊಡು ಮಾರಾಯ."

ಒಂದು ದಿರ್ಹಮಿನ ನಾಣ್ಯ ಗೀರಿಗೆ ಅಳತೆ ಮಾಡಿ ಮಾಡಿದ ಹಾಗೆ ಕೂತಿತು. ಹೆಬ್ಬೆರಳಿನಿಂದ ತಿರುಗಿಸಿದೆ. ಬೇರೆಯವರ ಚರ್ಮ ಕಿತ್ತುಬರುತ್ತಿತ್ತು. ನಾಲ್ಕೂ ಬೋಲ್ಟು ಬಿಗಿದು, ತಂತಿ ಏರಿಸಿ, ಗಿಟಾರನ್ನು ಸ್ಟೇಜಿನ ಮೇಲೆ ಏಸಿಯಲ್ಲಿ ಸುಮ್ಮನೆ ನಿಲ್ಲಿಸಿದೆ. ಮುಟ್ಟಿದ ಕೂಡಲೇ ನುಡಿಸಲು ಹೋಗಬಾರದು, ಮರ ಆ ತಂಪಿಗೆ ಒಗ್ಗಬೇಕು. ಸಂಜೆ ಮತ್ತೆ ಸ್ವರ ಕೂಡಿಸಿದೆ. ನೆಕ್ ಅಲುಗಲಿಲ್ಲ, ಜುಂಯ್ ಎನ್ನಲಿಲ್ಲ. ನಿಮಗೆ ಹೇಳುವುದಿಷ್ಟೇ: ನಾಣ್ಯದಿಂದ ತಿರುಗುವ ಬೋಲ್ಟು ಹಾಕಿಸಿಕೊಳ್ಳಿ, ನಾಣ್ಯವನ್ನು ಯಾವ ಊರಿನ ತಪಾಸಣೆಯವನೂ ಕಿತ್ತುಕೊಳ್ಳುವುದಿಲ್ಲ.

ಹಾಲ್ ತುಂಬಿತು. ಮೊದಲ ಹಾಡು ಎತ್ತಿದೆವು. ನಾನು ನುಡಿಸಿದೆ. ಜನ ಎದ್ದರು, ಆದರೆ ಹೆಜ್ಜೆ ಕೂರಲಿಲ್ಲ. ಗಂಡಸರು ಕೈ ಮಾತ್ರ ಆಡಿಸುತ್ತಿದ್ದರು, ಕಾಲು ಅಲ್ಲಲ್ಲೇ ತಡವರಿಸುತ್ತಿತ್ತು. ನನ್ನ ಸ್ವರದ ಅಡಿಯಲ್ಲಿ ಇನ್ನೊಂದ್ಯಾವುದೋ ಗೊರಗೊರ ಎನ್ನುತ್ತಿತ್ತು, ಕೆಸರಿನಲ್ಲಿ ನಡೆದ ಹಾಗೆ. ಮೆಲ್ವಿನಿನ ಕಡೆ ನೋಡಿದೆ. ಅವನ ಎಡಗೈ ಬೇಸ್ ಬಾರಿಸುತ್ತಿದೆ, ನನ್ನದರ ಮೇಲೆಯೇ.

ಎರಡನೆಯ ಹಾಡಿಗೂ ಅದೇ. ನಾನು ನುಡಿಸುತ್ತಲೇ ಅವನ ಪಕ್ಕಕ್ಕೆ ಹೋದೆ.

"ಮೆಲ್ವಿನ್, ಎಡಗೈ ಜೇಬಿಗೆ ಹಾಕು."

"ಪಾವ್ಲು ಬಾಬ್ ಹೇಳಿದ್ದು ಮೌಶಿ. ನಿಮ್ಮದು ನಡುವೆ ನಿಂತರೆ ಅಂತ."

"ನನ್ನದು ನಿಲ್ಲುದಿಲ್ಲ. ಹಾಕು."

ಅವನು ಪಾವ್ಲು ಬಾಬ್ ಅವರ ಬೆನ್ನು ನೋಡಿದ, ನನ್ನ ಮುಖ ನೋಡಿದ. ನನ್ನ ಮುಖ ಹತ್ತಿರ ಇತ್ತು. ಎಡಗೈ ಜೇಬಿಗೆ ಹೋಯಿತು.

ಆ ಕ್ಷಣ ಆದದ್ದನ್ನು ನಾನು ಬಡಾಯಿ ಎಂದು ಬರೆಯುತ್ತಿಲ್ಲ, ಅಲ್ಲಿದ್ದವರನ್ನು ಕೇಳಿ. ಕೆಸರು ಹೋಗಿ ಅಡಿಯಲ್ಲಿ ಗಟ್ಟಿ ನೆಲ ಬಂತು. ಡ್ರಮ್ಮಿನವನು ತಲೆ ಎತ್ತಿ ನನ್ನ ಕಡೆ ನಕ್ಕ, ಅವನ ಕಾಲಿನ ಪೆಟ್ಟೂ ನನ್ನ ತಂತಿಯೂ ಒಂದೇ ಆದವು. ಕುಣಿಯುವವರ ಕಾಲೆಲ್ಲ ಒಟ್ಟಿಗೆ ಬಿತ್ತು. ಗೋಡೆಯ ಹತ್ತಿರ ಕುರ್ಚಿಯಲ್ಲಿ ಪರ್ಸು ಹಿಡಿದು ಕೂತಿದ್ದ ಹಿರಿಯ ಹೆಂಗಸರು ಪರ್ಸನ್ನು ಕುರ್ಚಿಯಲ್ಲಿಟ್ಟು ಎದ್ದರು. ಹಾಡುವವಳ ದನಿ ಜನರ ಕಿವಿಗೆ ಹೋಗುತ್ತದೆ, ಟ್ರಂಪೆಟ್ಟೂ ಕಿವಿಗೆ ಹೋಗುತ್ತದೆ. ನನ್ನದು ಹೋಗುವುದು ಅಂಗಾಲಿಗೆ. ಬಹರೈನಿನಲ್ಲಿ ಬೇಸ್ ಎಲ್ಲಿ ಎಂದು ಯಾರೂ ಯಾಕೆ ಕೇಳಲಿಲ್ಲ ಎಂದು ಅಲ್ಲಿ ಗೊತ್ತಾಯಿತು. ಕಿವಿಗೆ ಬೀಳದ್ದು ಎಲ್ಲಿ ಎಂದು ಯಾರೂ ಕೇಳುವುದಿಲ್ಲ, ಆದರೆ ಅಲ್ಲಿ ಇಷ್ಟು ಕುಣಿದೂ ಇರಲಿಲ್ಲ.

ಪಾವ್ಲು ಬಾಬ್ ಒಂದು ಸಲ ತಿರುಗಿ ನೋಡಿದರು. ಮೆಲ್ವಿನಿನ ಜೇಬಿನಲ್ಲಿದ್ದ ಕೈ ಕಂಡಿರಬೇಕು. ಹುಬ್ಬು ಏರುತ್ತದೋ ಎಂದು ನಾನು ನೋಡುತ್ತಿದ್ದೆ. ಏರಲಿಲ್ಲ. ಅವರು ಮುಂದಕ್ಕೆ ತಿರುಗಿ, ಮುಗಿಯಬೇಕಿದ್ದ ಹಾಡನ್ನು ಮತ್ತೊಮ್ಮೆ ಮೊದಲಿಂದ ಎತ್ತಿದರು.

ಮುಗಿದ ಮೇಲೆ ಜನ ಊಟಕ್ಕೆ ಹೋದರು. ನಾನು ಸ್ಟೇಜಿನ ಅಂಚಿನಲ್ಲಿ ಕೂತು, ಗಿಟಾರನ್ನು ತೊಡೆಯ ಮೇಲೆ ಬೋರಲು ಮಲಗಿಸಿ, ಲ್ಯಾನ್ಸಿಯ ನಾಣ್ಯದಿಂದ ಬೋಲ್ಟು ಬಿಚ್ಚುತ್ತಿದ್ದೆ. ಲ್ಯಾನ್ಸಿ ಪಾವ್ಲು ಬಾಬ್ ಅವರ ಹತ್ತಿರ ಬಂದು ಬರುವ ವರ್ಷವೂ ನೀವೇ ಬರಬೇಕು ಎಂದ.

"ಟಿಕೆಟ್ ಎಷ್ಟು ಬಾಬ್? ಮೊದಲು ನೀವು ನಾಲ್ಕು ಅಂದಿದ್ದಿರಿ."

"ಐದು" ಎಂದರು ಪಾವ್ಲು ಬಾಬ್. ಟ್ರಂಪೆಟ್ ಒರೆಸುತ್ತಾ, ನನ್ನ ಕಡೆ ನೋಡದೆ. "ಬೇಸ್ ಇಲ್ಲದೆ ನಾನು ಬರುದಿಲ್ಲ."

ನಾನು ತಲೆ ಎತ್ತಲಿಲ್ಲ. ಇನ್ನೂ ಎರಡು ಬೋಲ್ಟು ಬಾಕಿ ಇತ್ತು.